ಹಗಲು ಹೇಳಿದ ಕಥೆ

ಒಂದಾನೊಂದು ಕಾಲದಲ್ಲಿ, ಕುಂಚಾವರಂ ಕಾಡಿನ ಆಚೆ, ಒಲೆಗಳೆಲ್ಲ ಆರಿಹೋದ ಒಂದು ಊರಿತ್ತಂತೆ. ಆ ಊರಿಗೆ ಬೆಂಕಿ ಒಯ್ಯಲು ಒಬ್ಬ ಹುಡುಗಿ ತವರಿನ ಒಲೆಯಿಂದ ಒಂದಿಷ್ಟು ಕೆಂಡ ಗಡಿಗೆಗೆ ತುಂಬಿಕೊಂಡು, ಮೇಲೆ ಬೂದಿ ಮುಚ್ಚಿ, ಸೊಂಟದ ಮೇಲಿಟ್ಟುಕೊಂಡು ಹೊರಟಳಂತೆ. ಊರು ಮುಟ್ಟುವವರೆಗೆ ಗಡಿಗೆ ನೆಲಕ್ಕಿಡುವಂತಿಲ್ಲ. ನಡೆದಳು, ನಡೆದಳು. ಒಂದು ಕಡೆ ದಾರಿ ಎರಡಾಯಿತು. ಕವಲಿನ ಕಲ್ಲಿನ ಮೇಲೆ ಒಬ್ಬ ಮುದುಕ ಚಿಲುಮೆ ಹಿಡಿದುಕೊಂಡು ಕೂತಿದ್ದ. "ಎಡಕ ಹೋದ್ರ ನೀರದ, ನೆಳ್ಳಿಲ್ಲ. ಬಲಕ ಹೋದ್ರ ನೆಳ್ಳದ, ನೀರಿಲ್ಲ. ಯಾ ಕಡಿ ಹೋಗ್ತಿ ಮಗಳಾ?" ಎಂದು ಕೇಳಿದ.

ಕಥೆ ಅಲ್ಲಿಗೆ ನಿಂತುಬಿಟ್ಟಿತ್ತು. ಗುರುದೇವಿ ಸಣ್ಣವಳಿದ್ದಾಗ ನಿಂತದ್ದು, ಅವಳು ಮೆಟ್ರಿಕ್ ಪಾಸಾಗಿ ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿಗೆ ಹೊರಡುವ ಈ ಬೆಳಿಗ್ಗೆಯವರೆಗೂ ನಿಂತೇ ಇತ್ತು. ಆ ಹುಡುಗಿ ಇನ್ನೂ ಕವಲಿನಲ್ಲೇ ಇದ್ದಾಳೆ, ಬಿಸಿಲಿನಲ್ಲಿ. ಇಷ್ಟು ವರ್ಷ ಯಾರೂ ಅವಳಿಗೆ ಹೋಗು ಎಂದಿಲ್ಲ, ಬಾ ಎಂದಿಲ್ಲ. ಟ್ರಂಕಿನೊಳಗೆ ಸೀರೆ ಮಡಚಿಡುತ್ತಿದ್ದ ಗುರುದೇವಿಯ ಎಡಗಡೆಯ ಸೊಂಟ ಸೆಳೆಯಿತು. ಹೀಗೆ ಆಗಾಗ ಸೆಳೆಯುತ್ತದೆ. ತಾಯಿ ಶಿವಕಾಂತಮ್ಮ ಅದಕ್ಕೆ ಹರಳೆಣ್ಣೆ ಹಚ್ಚುತ್ತಾಳೆ. ಹರಳೆಣ್ಣೆಗೆ ಹೋಗುವ ನೋವು ಅದಲ್ಲ ಎಂದು ಗುರುದೇವಿ ಯಾರಿಗೂ ಹೇಳಿಲ್ಲ. ಮಧ್ಯಾಹ್ನದ ಗಾಡಿಗೆ ಶಹಾಬಾದ ಬಿಡಬೇಕು, ವಾಡಿಯಲ್ಲಿ ಇಳಿದು ಹೈದರಾಬಾದಿನ ಗಾಡಿ ಹತ್ತಬೇಕು. ಸ್ಕೂಲಿನ ದೊಡ್ಡ ಮಾಸ್ತರ ಅಮೀರ್ ಅಲಿ ಸಾಹೇಬರು ತಮ್ಮ ಮಗಳು ರಹೀಮಾಳನ್ನೂ ಅದೇ ಕಾಲೇಜಿಗೆ ಸೇರಿಸಲು ಹೊರಟಿದ್ದಾರೆ, ಝಟಕಾ ತಗೊಂಡು ಬರುತ್ತಾರೆ. ಅಪ್ಪ ಅಮೃತಪ್ಪ ಅವರಿಗೆ ಆಗಲೇ ಹೇಳಿಬಿಟ್ಟಿದ್ದಾನೆ: ಸೈನ್ಸ್, ಆಮೇಲೆ ಡಾಕ್ಟರಕಿ. ಆದರೂ ಸಾಹೇಬರು ನಿನ್ನೆ ಅಂಗಳದಲ್ಲಿ ನಿಂತು, ಕೊಡೆಯ ತುದಿಯಿಂದ ನೆಲ ಕುಟ್ಟುತ್ತ, "ಬೇಟಾ, ನಿನ್ನ ಬಾಯಿಂದ ಒಂದ್ಸಲ ಕೇಳ್ಬೇಕು ನಾನು. ಝಟಕಾ ಹತ್ತೂ ಮುಂದ ಹೇಳು. ಒಮ್ಮೆ ಬರಸಿದ ಮ್ಯಾಲ ತಿದ್ದೂದು ಕಷ್ಟ" ಎಂದಿದ್ದರು. ಹೇಳುತ್ತೇನೆ ಎಂದಿದ್ದಳು. ರಾತ್ರಿಯೆಲ್ಲ ಸೈನ್ಸ್ ಎಂಬ ಮಾತನ್ನು ಬಾಯಲ್ಲಿ ಇಟ್ಟು ನೋಡಿದಳು. ಯಾರದೋ ಮನೆಯ ಲೋಟದಲ್ಲಿ ನೀರು ಕುಡಿದ ಹಾಗಿತ್ತು.

ನಡುಮನೆಯ ಹೊರಸಿನ ಮೇಲೆ ಆಯಿ, ಅಪ್ಪನ ತಾಯಿ, ಮಲಗಿದ್ದಳು. ಭಾಗಮ್ಮ, ಐನಾಪುರದಿಂದ ಈ ಮನೆಗೆ ಸೊಸೆಯಾಗಿ ಬಂದವಳು, ಬರುವಾಗ ಬಂಗಾರಕ್ಕಿಂತ ಹೆಚ್ಚು ಕಥೆ ತಂದವಳು. ಹೋದ ಶ್ರಾವಣದಲ್ಲಿ ಲಕ್ವಾ ಹೊಡೆದು ಬಲಗಡೆ ಪೂರಾ ಹೋಯಿತು. ಎಡಗೈ ಉಳಿಯಿತು, ಹಣೆಯ ವಿಭೂತಿ ಉಳಿಯಿತು, ಬಾಯಲ್ಲಿ ಒಂದೇ ಒಂದು ಮಾತು ಉಳಿಯಿತು: ಹೂಂ. ಇದು ನ್ಯಾಯವಲ್ಲ ಎಂದು ಗುರುದೇವಿಗೆ ಅನ್ನಿಸುತ್ತದೆ. ಹೂಂ ಅನ್ನುವುದು ಕೇಳುವವರ ಕೆಲಸ. ಆಯಿ ಹೇಳುವಾಗ ಕತ್ತಲಲ್ಲಿ ಗುರುದೇವಿ ಒಂದೊಂದು ಮಾತಿಗೂ ಹೂಂ ಅನ್ನಬೇಕಾಗಿತ್ತು. ಹೂಂ ನಿಂತರೆ ಹುಡುಗಿಗೆ ನಿದ್ದೆ ಹತ್ತಿತೆಂದು ಕಥೆಯೂ ನಿಲ್ಲುತ್ತಿತ್ತು. ಗೋಡೆಗೆ ಕಥೆ ಹೇಳುವುದುಂಟೇ? ಹೇಳುವವಳ ಬಾಯಿಂದ ಮಾತೆಲ್ಲ ಕಿತ್ತುಕೊಂಡು ಕೇಳುವವಳ ಸದ್ದೊಂದನ್ನು ಬಿಟ್ಟುಹೋದ ಶಿವನ ತಮಾಷೆ ಅವಳಿಗೆ ಅರ್ಥವಾಗಿಲ್ಲ. ಅಪ್ಪ ಮಾತ್ರ ಅದನ್ನೇ ಅನುಕೂಲ ಮಾಡಿಕೊಂಡಿದ್ದಾನೆ. "ಅವ್ವಾ, ದೇವಿ ಡಾಕ್ಟರಣಿ ಆಗ್ಲೇನು?" "ಹೂಂ." "ನೋಡವಾ, ನಿಮ್ಮ ಆಯೀನೂ ಒಪ್ಯಾಳ." ಆಗ ಅಡಿಗೆಮನೆಯಿಂದ ಗುರುದೇವಿಯ ಅವ್ವ, "ಬೆಕ್ಕು ಹಾಲು ಕುಡೀಲೇನು ಅಂತ ಕೇಳ್ರಿ, ಅದಕ್ಕೂ ಹೂಂ ಅಂತಾರ" ಎಂದಿದ್ದಳು.

ಅವ್ವ ಈಗ ಅಲ್ಲೇ ಸಜ್ಜೆರೊಟ್ಟಿ ಬಡಿಯುತ್ತಿದ್ದಳು, ದಾರಿಯ ಬುತ್ತಿಗೆ. ರೊಟ್ಟಿಯ ಸದ್ದಿಗೆ ನೆಲದ ಪರಸಿಗಲ್ಲು ಸಣ್ಣಗೆ ಅದುರುತ್ತಿತ್ತು. ಈ ನೆಲದ ಮೇಲೆ ಗುರುದೇವಿ ಬಳಪದಿಂದ ಬರೆದ ಕಥೆಗಳಿಗೆ ಲೆಕ್ಕವಿಲ್ಲ. ಅಪ್ಪ ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುವ ಮುನಶಿ, ಆದ್ದರಿಂದ ಮನೆಯಲ್ಲಿ ಬೇರೇನಿಲ್ಲದಿದ್ದರೂ ನುಣುಪಾದ ನೆಲವಿತ್ತು. ಕನ್ನಡದ ಅಕ್ಷರವನ್ನು ಅವಳು ಶಾಲೆಯಲ್ಲಿ ಕಲಿತವಳಲ್ಲ. ಶಾಲೆ ಪೂರಾ ಉರ್ದು. ಮಠದ ರೇವಣಸಿದ್ದಯ್ಯನವರು ಸಂಜೆ ಹೊತ್ತು ಉಸುಕಿನಲ್ಲಿ ಬೆರಳು ಹಿಡಿದು ತೀಡಿಸಿದ್ದಷ್ಟೇ. ಬಾಗಿಲಿನಿಂದ ಹಿಡಿದು ದೇವರಕೋಣೆಯವರೆಗೆ ಬರೆದುಕೊಂಡು ಹೋಗುವಳು, ಸೋಮವಾರ ಅವ್ವ ನೆಲ ತೊಳೆಯುವಳು, ರಾಜಕುಮಾರಿಯರೂ ರಾಕ್ಷಸರೂ ಬಚ್ಚಲಿನ ದಾರಿ ಹಿಡಿಯುವರು. ಅಳು ಬರುತ್ತಿರಲಿಲ್ಲ. ಒದ್ದೆ ನೆಲ ಒಣಗುವುದನ್ನೇ ಕಾಯುತ್ತ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಒಮ್ಮೆ ಅಪ್ಪ ಆ ಬರಹದ ಮೇಲೆ ಕಾಲಿಡದ ಹಾಗೆ ಗೋಡೆಗುಂಟ ಸರಿದುಹೋದದ್ದನ್ನು ಅವಳು ನೋಡಿದ್ದಾಳೆ. ಅಪ್ಪ ಅದನ್ನು ಓದಲಾರ; ಅವನ ಕಾಗದದ ಕೆಲಸವೆಲ್ಲ ಉರ್ದುವಿನಲ್ಲೇ. ಆದರೂ ಮೊನ್ನೆ, ಬರೆದೇ ಬದುಕುವವರೂ ಇರುತ್ತಾರಂತೆ ಎಂದು ಅವಳು ಮೆಲ್ಲಗೆ ಮಾತು ತೆಗೆದಾಗ, "ಹೌದಲ್ಲ, ಭಾಳ ಮಂದಿ ಅದಾರ. ಚಿತ್ತಾಪುರ ತಹಸೀಲ ಕಚೇರಿ ಮುಂದ ಬೇವಿನ ಗಿಡದ ಬುಡಕ ಕುಂತು ಅರ್ಜಿ ಬರೀತಾರ. ನಿನಗೂ ಒಂದು ತಟ್ಟು ಹಾಸಿ ಕೊಡ್ಲೇನು?" ಎಂದು ನಕ್ಕಿದ್ದ. ಅವನ ನಗೆಯಲ್ಲಿ ಕೆಡುಕಿರಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತಿದೆ.

ಸ್ಕೂಲಿನಲ್ಲೂ ಹೀಗೇ. ಪಾಠ ಹೇಳುವ ಉಸ್ತಾನಿ ಒಂದು ದಿನ, ಮುಂದೆ ಏನಾಗುತ್ತೀರಿ ಬರೆಯಿರಿ ಎಂದಿದ್ದರು. ಗುರುದೇವಿ ಒಳ್ಳೆಯ ಉರ್ದುವಿನಲ್ಲಿ, ಲೇಖಕಿಯಾಗುತ್ತೇನೆ ಎಂದು ಬರೆದಳು. ಉಸ್ತಾನಿ ಅದನ್ನು ಎದ್ದುನಿಂತು ಓದಿದರು, ಮೆಚ್ಚಿಯೇ ಓದಿದರು, ಆಮೇಲೆ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: ಯಾವ ಭಾಷೆಯಲ್ಲಿ? ಗುರುದೇವಿಯ ಬಾಯಿ ಕಟ್ಟಿತು. ಹುಡುಗಿಯರೆಲ್ಲ ನಕ್ಕರು, ರಹೀಮಾ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು, ಬಿಡುವಿನಲ್ಲಿ ಬಂದು ಅರ್ಧ ಪೇರಲಹಣ್ಣು ಕೊಟ್ಟಳು. ಅವತ್ತು ಕಟ್ಟಿದ ಬಾಯಿ ಸಂಜೆ ನೆಲದ ಮೇಲೆ ತಾನಾಗಿ ಬಿಚ್ಚಿತ್ತು. ಆಯಿಯ ಮಾತಿನಲ್ಲಿ ಎಂದು ಉಸ್ತಾನಿಗೆ ಹೇಳಬಹುದಾಗಿತ್ತಲ್ಲ ಎಂದು ಈಗ ಸೀರೆಯ ನಿರಿಗೆಯನ್ನು ಅಂಗೈಯಿಂದ ಒತ್ತುತ್ತ ಅವಳು ಅಂದುಕೊಂಡಳು. ಹೇಳದೆ ಉಳಿದ ಉತ್ತರಗಳು ಎಷ್ಟು ಚೆಂದ ಇರುತ್ತವೆ.

ಆದರೆ ಅಪ್ಪನಿಗೆ ಇಲ್ಲ ಎನ್ನುವುದು ಬೇರೆ. ಅಪ್ಪನ ದಾರಿ ತಪ್ಪಿಸಿದವಳು ತಾನೇ ಎಂದು ಅವಳಿಗೆ ಗೊತ್ತು. ಹಗಲು ಕಥೆ ಹೇಳಿದರೆ ದಾರಿ ನಡೆಯುವವರು ದಾರಿ ತಪ್ಪುತ್ತಾರೆ, ಇದು ಹಾಲು ಕುಡಿಯುವ ಕೂಸಿಗೂ ತಿಳಿದ ಮಾತು. ಆ ದಿನ ಅಪ್ಪ ನಸುಕಿನಲ್ಲಿ, ಅವ್ವ ಮಡಿಸಿಟ್ಟ ಕೋಟು ಹಾಕಿಕೊಂಡು, ಹೈದರಾಬಾದಿಗೆ ಹೊರಟಿದ್ದ. ಅದಾಲತಿನಲ್ಲಿ ಒಂದು ನೌಕರಿ ಖಾಲಿ ಇತ್ತು, ಸಂಜೆಯೊಳಗೆ ಅಲ್ಲಿಯ ಸಾಹೇಬರ ಮುಂದೆ ನಿಲ್ಲಬೇಕಿತ್ತು. ಅವನು ಹೋದ ಮೇಲೆ ಮನೆಯಲ್ಲಿ ನೊಣದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಸಣ್ಣ ಗುರುದೇವಿ ಆಯಿಯ ಸೆರಗು ಜಗ್ಗಿದಳು. ಬ್ಯಾಡ ಅಂದಳು ಆಯಿ, ನಿಮ್ಮಪ್ಪ ದಾರಿ ಮ್ಯಾಲ ಅದಾನ ಅಂದಳು. ಹುಡುಗಿ ಉಸಿರು ಬಿಗಿಹಿಡಿದು ಅತ್ತಳು. ಆಯಿ ಬಾಗಿಲು ಮುಂದೆ ಮಾಡಿ, ದಾರಿಗೆ ಕೇಳದ ಹಾಗೆ ಮೆಲ್ಲನೆಯ ದನಿಯಲ್ಲಿ ಶುರು ಮಾಡಿದಳು: ಒಲೆಗಳೆಲ್ಲ ಆರಿಹೋದ ಒಂದು ಊರಿತ್ತು. ಹೊತ್ತು ಇಳಿಯುವವರೆಗೂ ನಡುನಡುವೆ ಏಳುತ್ತ, ನೀರು ತರುತ್ತ, ಅಕ್ಕಿ ಆರಿಸುತ್ತ ಹೇಳಿದಳು. ಮುದುಕ ಕೇಳಿದ, ಯಾ ಕಡಿ ಹೋಗ್ತಿ ಮಗಳಾ? ಆ ಹೊತ್ತಿಗೆ ಬಾಗಿಲು ಸರಿಯಿತು. ಅಪ್ಪ ನಿಂತಿದ್ದ, ಕೋಟು ಹೆಗಲ ಮೇಲೆ. ವಾಡಿಯಲ್ಲಿ ತಪ್ಪು ಗಾಡಿ ಹತ್ತಿದ್ದ. ಕೂತಲ್ಲೇ ಕಣ್ಣು ಹತ್ತಿ, ಯಾದಗಿರಿ ದಾಟಿದ ಮೇಲೆ ತಿಳಿಯಿತಂತೆ, ಇದು ರಾಯಚೂರಿನ ಗಾಡಿ ಎಂದು. ಆಯಿ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಆ ಕೈಯನ್ನು ಗುರುದೇವಿ ಮರೆತಿಲ್ಲ. ಅಪ್ಪ ಕೋಟು ಗೂಟಕ್ಕೆ ಹಾಕಿದ; ಅದಾದ ಮೇಲೆ ಗಣಿಯ ಮುನಶಿಕಿಯೇ ಗಟ್ಟಿಯಾಯಿತು. ಆಯಿ ಬೇರೆ ಸಾವಿರ ಕಥೆ ಹೇಳಿದಳು, ಅದೊಂದನ್ನು ಮಾತ್ರ ತೆಗೆಯಲಿಲ್ಲ. "ನಡುವಿಗಿ ಬಿಟ್ಟ ಕಥಿ ಛಲೋ ಅಲ್ಲ ದೇವೀ. ನಾ ಇನ್ನ ಅದರ ಬಾಯಿ ತೆಗಿಯಂಗಿಲ್ಲ. ಈ ಮನಿ ಬಿಟ್ಟು ಹೋಗೂ ಮುಂದ ನೀನೇ ಮುಗಸು" ಎಂದಳು. ಮುಗಸ್ತೀನಿ ಎಂದು ಗುರುದೇವಿ ಮಾತು ಕೊಟ್ಟಳು. ಮುಗಿಸುವುದೆಂದರೆ ಏನೆಂದು ಆಗ ಯಾರಿಗೆ ಗೊತ್ತಿತ್ತು. ಎಡಕ್ಕೆ ಕಳಿಸಿದರೆ ಹುಡುಗಿ ಸುಡುತ್ತಾಳೆ, ಬಲಕ್ಕೆ ಕಳಿಸಿದರೆ ಬಾಯಾರುತ್ತಾಳೆ. ರಾತ್ರಿ ರಾತ್ರಿ ಯೋಚಿಸಿ ಅವಳನ್ನು ಅಲ್ಲೇ ನಿಲ್ಲಿಸಿ ನಿದ್ದೆಹೋಗುತ್ತಿದ್ದಳು. ಅಪ್ಪ ಒಮ್ಮೆಯೂ ಆ ದಿನವನ್ನು ಆಡಿ ತೋರಿಸಿಲ್ಲ. ಆದರೆ ವಾಡಿಯ ಕಡೆ ಹೋಗುವ ಗಾಡಿಯ ಸೀಟಿ ಕೇಳಿದಾಗ ಅವನ ಕೈಯ ತುತ್ತು ಅರೆಗಳಿಗೆ ತಡೆಯುತ್ತದೆ. ತಾನು ಸೈನ್ಸ್ ಎಂದುಬಿಟ್ಟರೆ ಆ ತುತ್ತು ಕೆಳಗಿಳಿಯುತ್ತದೆ.

"ದೇವೀ, ಒಂದು ಕೆಂಡ ತಾರವಾ."

ಅಪ್ಪ ಕಟ್ಟೆಯ ಮೇಲೆ ಕೂತು ಕೂಗಿದ. ಲಡಾಯಿಯ ಕಾಲ, ಕಡ್ಡಿಪೆಟ್ಟಿಗೆ ಯಾವ ಅಂಗಡಿಯಲ್ಲೂ ಇಲ್ಲ; ಬೀಡಿ ಹಚ್ಚಬೇಕೆಂದರೆ ಒಲೆಯೇ ಗತಿ. ಗುರುದೇವಿ ಚಿಮಟಿಗೆಯಲ್ಲಿ ಕೆಂಡ ಹಿಡಿದು ತಂದಳು. ಅವನು ಬೀಡಿ ಕಚ್ಚಿಕೊಂಡು ಮುಖ ಮುಂದೆ ಚಾಚಿದ, ಅವಳು ಕೆಂಡದ ಮೇಲಿನ ಬೂದಿ ಊದಿದಳು, ಕೆಂಪು ಎದ್ದಿತು. ಅಪ್ಪನ ಹುಬ್ಬಿನಲ್ಲಿ ಕಲ್ಲಿನ ಹುಡಿ ಇತ್ತು. ಇಷ್ಟು ಹತ್ತಿರದಿಂದ ಅವನನ್ನು ನೋಡಿ ಎಷ್ಟು ದಿನವಾಯಿತು ಎಂದುಕೊಳ್ಳುತ್ತಿರುವಾಗಲೇ ಅವಳ ಕೈ ತಡೆಯಿತು. ಕಥೆಯ ಮುದುಕನ ಕೈಯಲ್ಲಿ ಚಿಲುಮೆ ಇತ್ತು. ಅದರಲ್ಲಿ ಹೊಗೆ ಇತ್ತೆಂದು ಆಯಿ ಹೇಳಿರಲಿಲ್ಲ. ಬರೇ ಹಿಡಿದುಕೊಂಡು ಕೂತಿದ್ದ ಎಂದಿದ್ದಳು. ಆರಿದ ಚಿಲುಮೆ. ಹುಡುಗಿಯ ಸೊಂಟದ ಮೇಲೆ ಕೆಂಡದ ಗಡಿಗೆ. ಇಷ್ಟು ವರ್ಷ ಎದುರಾಬದುರು ನಿಂತಿದ್ದಾರೆ ಇಬ್ಬರೂ. ಅವನು ದಾರಿ ಕೇಳುತ್ತಾನೆ, ಬೆಂಕಿ ಕೇಳಲು ನಾಚಿಕೆ. ಅವಳು ದಾರಿ ನೋಡುತ್ತಾಳೆ, ಅವನ ಕೈ ನೋಡುವುದಿಲ್ಲ.

"ಏನಾತು? ಕೈ ಸುಡ್ತದ, ಒಗಿ ಅದನ್ನ" ಅಂದ ಅಪ್ಪ.

"ಏನಿಲ್ರಿ" ಎಂದಳು ಗುರುದೇವಿ. ಒಳಗೆ ಬಂದು ಕೆಂಡವನ್ನು ಒಲೆಗೆ ಹಾಕುವಾಗ ಅವಳಿಗೆ ನಗು ಬಂತು. ಅವ್ವ, ಊರಿಗೆ ಹೊರಟೋರು ಹಿಂಗ ಒಬ್ಬರೇ ನಗಬಾರ್ದು ಎಂದು ರೊಟ್ಟಿ ಮಗುಚಿದಳು.

ಝಟಕಾ ಬಂದು ನಿಂತಿತು. ರಹೀಮಾ ಬುರ್ಖಾದ ಮುಸುಕನ್ನು ತಲೆಯ ಮೇಲಕ್ಕೆ ಎತ್ತಿಕೊಂಡು ನೆಟ್ಟಗೆ ಒಳಗೆ ಬಂದು, ಬುತ್ತಿಯ ಗಂಟು ಮೂಸಿ, "ಶೇಂಗಾ ಹಿಂಡಿ ಹಾಕೀರಿಲ್ರಿ ಅಮ್ಮಾ? ಹಾಂ, ಬಸ್" ಎಂದಳು. ಅವಳಿಗೆ ರಸಾಯನಶಾಸ್ತ್ರ ಎಂದರೆ ಪ್ರಾಣ. ಗಾಜಿನ ನಳಿಗೆಗಳ ಕನಸು ಕಾಣುವವಳು. ಅಮೀರ್ ಅಲಿ ಸಾಹೇಬರು ಹೊಸ್ತಿಲ ಹೊರಗೇ ನಿಂತು ಗಡಿಯಾರ ನೋಡಿದರು. ಅಪ್ಪ, ಬರ್ರಿ ಸಾಹೇಬ್ರ, ಕುಂದ್ರಿ ಎಂದು ಕಂಬಳಿ ಹಾಸಿದ.

"ಕುಂದ್ರಲಿಕ್ಕ ಹೊತ್ತಿಲ್ಲ ಅಮೃತಪ್ಪನೋರೇ. ಬೇಟಾ, ಹೇಳು. ಏನ್ ಬರಸಲಿ?"

ಅಪ್ಪನೇ ಬಾಯಿ ತೆರೆದ. ಗುರುದೇವಿಯ ಮಾತು ಅದಕ್ಕೂ ಮೊದಲು ಹೊರಬಿದ್ದಿತ್ತು.

"ತಾರೀಖ್ ರಿ. ಇತಿಹಾಸ ಮತ್ತ ಸಾಹಿತ್ಯ."

ರೊಟ್ಟಿಯ ಸದ್ದು ನಿಂತಿತು. ಅಪ್ಪ ಕಂಬಳಿಯ ಒಂದು ತುದಿ ಹಿಡಿದುಕೊಂಡೇ ಇದ್ದ. "ತಾರೀಖ್ ಅಂದ್ರ ಸತ್ತ ಅರಸರ ಸುದ್ದಿ. ಅದನ್ನ ಕಲ್ತು ಏನ್ ಮಾಡ್ತಿ?"

"ಅರಸ ಸವಾರಿ ಹೋಗೂ ಮುಂದ ದಾರಿ ಬಾಜೂಕ ಯಾರರೆ ಒಬ್ಬಾಕಿ ನಿಂತು ನೋಡಿರ್ತಾಳಲ್ರಿ ಅಪ್ಪಾ. ನನಗ ಆಕಿ ಬೇಕು."

"ಡಾಕ್ಟರಕಿ?"

"ರಹೀಮಾ ಆಗ್ತಾಳ್ರಿ. ಆಕಿ ಕೈ ಛಲೋ ಅದ. ನಾ ಬರ್ದೇ ಬದುಕಬೇಕಂತ ಮಾಡೀನಿ."

"ಕಹಾನಿ ಬರಿಯೋದು ಕಲಸೋ ಕ್ಲಾಸು ಆ ಕಾಲೇಜಿನಾಗ ಇಲ್ಲ ನೋಡು" ಎಂದಳು ರಹೀಮಾ, ಸುಮ್ಮನೆ, ಗೆಳತಿಗೆ ಮೊದಲೇ ತಿಳಿಸಿದ್ದು ಒಳ್ಳೆಯದೆಂಬಂತೆ.

"ಗೊತ್ತದ. ಆ ಕ್ಲಾಸು ಮುಗಿಸೀನಿ ನಾ" ಎಂದು ಗುರುದೇವಿ ಹೊರಸಿನ ಕಡೆ ನೋಡಿದಳು.

ಅಪ್ಪ ಕಂಬಳಿ ಬಿಟ್ಟು, ಟ್ರಂಕನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಹಗ್ಗ ಬಿಗಿಯತೊಡಗಿದ. ಬಿಗಿದ ಗಂಟನ್ನು ಬಿಚ್ಚಿದ, ಮತ್ತೆ ಬಿಗಿದ. ಅವನ ಬೆನ್ನು ಅವಳ ಕಡೆಗಿತ್ತು. ಅದನ್ನು ನೋಡಿ ಗುರುದೇವಿಗೆ ನೋವಾಯಿತು. ಆದರೆ ನಾಲಿಗೆಯ ಮೇಲೆ ಮಾತ್ರ ತನ್ನ ಮನೆಯ ನೀರಿನ ರುಚಿ. ಎರಡೂ ಒಟ್ಟಿಗೆ ಇರಬಹುದೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಆಯಿಗೆ ನಮಸ್ಕರಿಸಲು ಬಗ್ಗಿದಳು. ಆಯಿ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದಳು, ಬಿಡಲಿಲ್ಲ. ಹಿಡಿತ ಬಿಗಿಯಾಗಿತ್ತು, ದನಕ್ಕೆ ಕಣ್ಣಿ ಹಾಕುವವರ ಹಿಡಿತ. ಕಣ್ಣು ಅವಳನ್ನೇ ನೋಡುತ್ತಿತ್ತು. ಹಗಲು ನೆತ್ತಿಗೆ ಬಂದಿತ್ತು.

ಗುರುದೇವಿ ಹೊರಸಿನ ಅಂಚಿಗೆ ಕೂತಳು. "ಒಲಿಗಳೆಲ್ಲ ಆರಿದ್ದ ಒಂದು ಊರಿತ್ತು" ಎಂದಳು.

"ಹೂಂ" ಎಂದಳು ಆಯಿ.

"ಏ ದೇವೀ" ಎಂದು ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಹಗಲೊತ್ತಿನಾಗ ಕಥಿ ಹೇಳ್ತಾರೇನ? ಅದೂ ಊರಿಗಿ ಹೊಂಟು ನಿಂತಾಗ?"

"ನಮ್ಮ ನಾನೀನೂ ಇದೇ ಅಂತಿದ್ಲು" ಎಂದರು ಸಾಹೇಬರು ಹೊರಗಿನಿಂದ, ಗಡಿಯಾರವನ್ನು ಜೇಬಿಗಿಳಿಸುತ್ತ. "ಹಗಲಿನಾಗ ಕಹಾನಿ ಹೇಳಿದ್ರ ಮುಸಾಫಿರ ದಾರಿ ತಪ್ತಾನ ಅಂತ."

"ಮುಸಾಫಿರ ನಾನೇ ಅದೀನಲ್ರಿ ಸಾಹೇಬ್ರ. ತಪ್ಪಿದ್ರ ನಂದೇ ದಾರಿ ತಪ್ತದ" ಎಂದಳು ಗುರುದೇವಿ. ಹೇಳಿದ ಮೇಲೆ ಅದು ನಿಜವೆಂದು ತಿಳಿದು ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಸಾಹೇಬರು ಕಂಬಳಿಯ ಮೇಲೆ ಕೂತರು. ಝಟಕಾದ ಕುದುರೆ ಬಾಲ ಬೀಸಿತು.

ಅವಳು ಹೇಳಿದಳು. ತವರಿನ ಒಲೆ, ಗಡಿಗೆ, ಬೂದಿ. ಆಯಿ ಒಂದೊಂದಕ್ಕೂ ಹೂಂ ಅಂದಳು. ಬೆಕ್ಕಿನ ಹಾಲಿಗೆ ಅಂದ ಹೂಂ ಇದಲ್ಲ. ಈ ಹೂಂ ಮಾತಿನ ಬೆನ್ನು ತಟ್ಟಿ ಮುಂದೆ ಕಳಿಸುತ್ತಿತ್ತು. ಕವಲು ಬಂತು. ಮುದುಕ ಬಂದ, ಯಾ ಕಡಿ ಹೋಗ್ತಿ ಮಗಳಾ ಎಂದ. ಇದರಾಚೆ ಯಾರೂ ತುಳಿಯದ ನೆಲ. ಗುರುದೇವಿ ಒಂದು ಉಸಿರು ತಗೊಂಡಳು.

"ಹುಡುಗಿ ಅವನ ಮಾರಿ ನೋಡಲಿಲ್ಲ, ಕೈ ನೋಡಿದ್ಲು. ಚಿಲುಮಿ ಆರಿತ್ತು. 'ಮುತ್ಯಾ, ದಾರಿ ಆಮ್ಯಾಲ ಹೇಳ್ತೀನಿ, ಮೊದಲ ಚಿಲುಮಿ ಮುಂದ ಮಾಡು' ಅಂದ್ಲು."

ಹೂಂ ಬರಲಿಲ್ಲ. ಆಯಿಯ ಕಣ್ಣು ಮುಚ್ಚಿತ್ತು. ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು, ಮೂಗಿನ ಹೊಳ್ಳೆ ಅಲುಗುತ್ತಿತ್ತು. ಬೆಳಗಿನಿಂದ ಎಚ್ಚರವಿದ್ದ ಮುದಿ ಜೀವ, ನಿದ್ದೆ ಹತ್ತಿತ್ತು. ಹಿಡಿತ ಮಾತ್ರ ಸಡಿಲವಾಗಿರಲಿಲ್ಲ. ಗುರುದೇವಿ ಕಾದಳು. ಹೂಂ ಇಲ್ಲದೆ ಕಥೆ ಮುಂದೆ ಹೋಗಲಾರದು. ಹುಡುಗಿ ಮತ್ತೆ ಕವಲಿನಲ್ಲೇ, ಅದೇ ಬಿಸಿಲು, ಗಡಿಗೆ ಸೊಂಟದ ಮೇಲೆ, ಮುದುಕ ಚಿಲುಮೆ ಮುಂದೆ ಮಾಡಿ ಕೂತಿದ್ದಾನೆ. ದೂರದಲ್ಲಿ, ಕಲಬುರಗಿಯ ಕಡೆಯಿಂದ, ಗಾಡಿಯ ಸೀಟಿ ಕೇಳಿಸಿತು.

"ಹೂಂ."

ಹೊಸ್ತಿಲಿನಿಂದ ಬಂದದ್ದು. ಅಪ್ಪ ಹಗ್ಗದ ತುದಿ ಕೈಯಲ್ಲಿ ಸುತ್ತಿಕೊಂಡು ನಿಂತಿದ್ದ. ಅವಳನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ, ಅಲ್ಲಿ ಏನೋ ಬರೆದಿದೆ ಎಂಬಂತೆ.

ಗುರುದೇವಿ ಅವನ ಕಡೆ ತಿರುಗಿದಳು. "ಬೂದಿ ಸರಿಸಿ ಒಂದು ಕೆಂಡ ತೆಗೆದು ಚಿಲುಮಿಗಿ ಹಾಕಿದ್ಲು. ಮುದುಕ ಒಂದು ದಮ್ಮು ಎಳೆದ. ಎಷ್ಟು ಕಾಲದ ಮ್ಯಾಲ ಎಳೆದಿದ್ನೋ, ಕಣ್ಣಾಗ ನೀರು ಬಂದ್ವು."

"ಹೂಂ."

"'ಈಗ ಹೇಳು' ಅಂದ. 'ಎಡಕ' ಅಂದ್ಲು."

ಅಪ್ಪ ಹೂಂ ಅನ್ನಲಿಲ್ಲ. "ಎಡಕ್ಯಾಕ? ನೆಳ್ಳಿಲ್ಲಲ್ಲ ಆ ಕಡಿ."

"ಆಕಿ ಮನಸಿಗಿ ಬಂತು. ಬಿಸಲಿನ ಮಾತಂದ್ರ, ಆಕಿ ನಮ್ಮ ಕಡೀದಾಕಿ. ಶಹಾಬಾದಿನಾಗ ಹುಟ್ಟಿದಾಕಿ ಬಿಸಲಿಗಿ ಅಂಜತಾಳೇನ್ರಿ?"

ಕಂಬಳಿಯ ಮೇಲೆ ಸಾಹೇಬರ ಗಡ್ಡ ಅಲುಗಿತು. ಅಪ್ಪ ನಗಲಿಲ್ಲ, ಆದರೆ ಹಗ್ಗ ಸುತ್ತಿದ ಕೈ ಸಡಿಲಾಯಿತು. "ಮತ್ತ ಅಲ್ಲಿ ನೀರದ. ಕೆಂಡ ಆರಿದ್ರ?"

"ನೀರು ಕುಡೀಲಿಕ್ಕ ಅದ. ಕೆಂಡದ ಮ್ಯಾಲ ಸುರುವಲಿಕ್ಕಲ್ಲ."

"ಹೂಂ" ಎಂದ ಅಪ್ಪ. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಹೊರಸಿನ ಪಕ್ಕ ನೆಲದ ಮೇಲೆಯೇ ಕೂತ. ಗಾಡಿಯ ಸೀಟಿ ಹತ್ತಿರವಾಯಿತು. ರಹೀಮಾ ಸಾಹೇಬರ ಮುಖ ನೋಡಿದಳು. "ಸಂಜಿಗಿ ಇನ್ನೊಂದದ" ಎಂದರು ಅವರು, ಕಥೆಗೆ ಅಡ್ಡವಾಗದ ಹಾಗೆ ದನಿ ತಗ್ಗಿಸಿ.

ಗುರುದೇವಿಗೆ ಅವಸರವಿರಲಿಲ್ಲ. ಹುಡುಗಿಯನ್ನು ಎಡದ ದಾರಿಯಲ್ಲಿ ನಡೆಸಿದಳು, ಕಾಲು ಸುಟ್ಟಿತು, ಹಳ್ಳದಲ್ಲಿ ನೀರು ಕುಡಿಸಿದಳು, ಕೆಂಡ ಕರಗಿ ಒಂದು ಉಳಿದಾಗ ಊದಿಸಿದಳು. ಮಧ್ಯಾಹ್ನದ ಗಾಡಿ ಬಂತು, ನಿಂತಿತು, ಹೋಯಿತು. ಅಪ್ಪನ ಹೂಂ ತಡೆಯಲಿಲ್ಲ. ಎಂದಿನಿಂದಲೋ ಅವನೊಳಗೆ ಉಳಿದಿದ್ದ ಹೂಂಗಳೆಲ್ಲ ಒಂದರ ಹಿಂದೆ ಒಂದು ಬರುತ್ತಿದ್ದವು. ಅವ್ವನ ಕೈಯ ಹಿಟ್ಟು ಒಣಗಿತು. ಊರು ಬಂತು. ಮೊದಲನೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ತಣ್ಣನೆಯ ಒಲೆಯ ಮುಂದೆ ಯಾರೋ ಒಬ್ಬಳು ಕೂತಿದ್ದಳು. ಆಯಿ ಕಣ್ಣು ತೆರೆದಳು.

"ಹುಡುಗಿ ಒಳಗ ಹೋದ್ಲು" ಎಂದಳು ಗುರುದೇವಿ.

"ಹೂಂ" ಎಂದರು ಇಬ್ಬರೂ, ತಾಯಿ ಮತ್ತು ಮಗ.

"ಗಡಿಗಿ ನೆಲಕ್ಕಿಟ್ಲು."